ಸಾಲ್ಮನ್ ಮೀನನ್ನು ಹೇಗೆ ಸಾಕುತ್ತಾರೆ? ನಮ್ಮ ಕರಾವಳಿಯಲ್ಲಿ ಯಾಕಿಲ್ಲ?

ಸಾಲ್ಮನ್ ಸಾಕಣೆ ಹೇಗೆ, ಎಲ್ಲೆಲ್ಲಿ ಇದೆ, ಕಾರವಾರದಲ್ಲೂ ಮಾಡಬಹುದಾ ಅಂತ ಕೇಳಿದ್ದೀರಿ. ಮೀನುಗಾರಿಕೆ ಓದಿದವನಾಗಿ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ಆಗುವುದಿಲ್ಲ. ಈ ಮೀನು ಚೆನ್ನಾಗಿ ಬೆಳೆಯಲು 8ರಿಂದ 14 ಡಿಗ್ರಿಯ ತಣ್ಣನೆ ನೀರು ಬೇಕು. ನಮ್ಮ ಕಡಲಿನ ಮೇಲ್ಪದರದ ನೀರು 28ರ ಆಸುಪಾಸು ಇರುತ್ತದೆ. ಕಾರವಾರದಲ್ಲೂ ಪಂಜರದಲ್ಲಿ ಮೀನು ಸಾಕುತ್ತಾರೆ, ಆದರೆ ಅವು ಸೀಬಾಸ್, ಕೋಬಿಯಾ ತರಹದ ಬೆಚ್ಚನೆ ನೀರಿನ ಮೀನುಗಳು.

ಸಾಲ್ಮನ್ ಹೊಳೆಯಲ್ಲಿ ಹುಟ್ಟಿ ಕಡಲಿಗೆ ಇಳಿಯುವ ಜಾತಿ. ಹಾಗಾಗಿ ಸಾಕಣೆಯೂ ದಡದ ಮೇಲೆ, ಸಿಹಿನೀರಿನ ತೊಟ್ಟಿಯಲ್ಲೇ ಶುರು. ಹೆಣ್ಣು ಮೀನಿನ ಮೊಟ್ಟೆಗೆ ಗಂಡಿನ ವೀರ್ಯ ಬೆರೆಸಿ ತಣ್ಣನೆ ನೀರಿನಲ್ಲಿ ಇಡುತ್ತಾರೆ. 8 ಡಿಗ್ರಿಯಲ್ಲಿ ಮರಿಯಾಗಲು ಸುಮಾರು ಎರಡು ತಿಂಗಳು. ಹೊಟ್ಟೆಯಡಿ ಅಂಟಿಕೊಂಡ ಹಳದಿ ಚೀಲ ಕರಗುವ ತನಕ ಮರಿಗೆ ಅದೇ ಊಟ, ಆಮೇಲೆ ತಿಂಡಿ ಹಾಕುತ್ತಾರೆ.

ನನಗೆ ತುಂಬಾ ಇಷ್ಟವಾಗುವುದು ಮುಂದಿನ ಹಂತ. ಸಿಹಿನೀರಿನ ಮರಿಯನ್ನು ಸುಮ್ನೆ ಉಪ್ಪುನೀರಿಗೆ ಎಸೆದರೆ ಸಾಯುತ್ತದೆ. ಹೊಳೆಯಲ್ಲಾದರೆ ವಸಂತ ಬಂದು ಹಗಲು ಉದ್ದವಾದಾಗ ಅದರ ಕಿವಿರು ಉಪ್ಪನ್ನು ಹೊರಹಾಕಲು ಕಲಿಯುತ್ತದೆ, ಮೈ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ತೊಟ್ಟಿಯಲ್ಲಿ ಈ ಕೆಲಸ ದೀಪದ್ದು. ಕೆಲವು ವಾರ ಬೆಳಕು ಕಡಿಮೆ ಮಾಡಿ ಚಳಿಗಾಲ ಅನ್ನಿಸುತ್ತಾರೆ, ನಂತರ ಹಗಲು ರಾತ್ರಿ ದೀಪ ಉರಿಸುತ್ತಾರೆ. ಮೀನು ವಸಂತ ಬಂತು ಅಂತ ನಂಬುತ್ತದೆ! ಕಡಲಿಗೆ ಬಿಡುವ ಮೊದಲು ಒಂದೊಂದು ಮರಿಗೂ ಹೊಟ್ಟೆಗೆ ಲಸಿಕೆ ಚುಚ್ಚುತ್ತಾರೆ. ನಾರ್ವೆಯಲ್ಲಿ ಆಂಟಿಬಯಾಟಿಕ್ ಬಳಕೆ ಬಹಳ ಕಡಿಮೆಯಾಗಲು ಮುಖ್ಯ ಕಾರಣ ಈ ಲಸಿಕೆಗಳು.

ಸಮುದ್ರದಲ್ಲಿ ತೇಲುವ ದೊಡ್ಡ ಬಳೆಗೆ ಆಳವಾದ ಬಲೆ ಕಟ್ಟಿದರೆ ಅದೇ ಪಂಜರ. ನಾರ್ವೆಯಲ್ಲಿ ಒಂದು ಪಂಜರಕ್ಕೆ 2 ಲಕ್ಷಕ್ಕಿಂತ ಜಾಸ್ತಿ ಮೀನು ಬಿಡುವಂತಿಲ್ಲ, ಒಂದು ಘನ ಮೀಟರ್ ನೀರಿಗೆ 25 ಕಿಲೋ ಮಿತಿ. ಕಡಲಿಗೆ ಬಿಟ್ಟು ಒಂದೂವರೆ ವರ್ಷವಾಗುವ ಹೊತ್ತಿಗೆ ಮೀನು 4-5 ಕಿಲೋ ತೂಗುತ್ತದೆ. ತಿಂಡಿಯಲ್ಲಿ ಈಗ ಸೋಯಾ, ಸಾಸಿವೆ ಜಾತಿಯ ಎಣ್ಣೆಯದ್ದೇ ದೊಡ್ಡ ಪಾಲು. ಮಾಂಸದ ಕಿತ್ತಳೆ ಬಣ್ಣವೂ ತಿಂಡಿಗೆ ಬೆರೆಸುವ ಅಸ್ಟಾಕ್ಸಾಂಥಿನ್ ಎಂಬ ಬಣ್ಣದ ವಸ್ತುವಿನಿಂದಲೇ ಬರುವುದು.

ತಂಪು ನೀರಿದ್ದರೆ ಸಾಲದು, ಅಲೆಯಿಂದ ಮರೆಯೂ ಬೇಕು. ನಾರ್ವೆಯ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಚಾಚುಗಳಲ್ಲಿ ಎರಡೂ ಇವೆ. 1970ರಲ್ಲಿ ಹಿಟ್ರಾ ದ್ವೀಪದ ಗ್ರೋಂಟ್‌ವೆಟ್ ಅಣ್ಣತಮ್ಮಂದಿರು ತೇಲುವ ಪಂಜರದಲ್ಲಿ ಸಾಕಿ ತೋರಿಸಿದರು. ಈಗ ಜಗತ್ತಿನ ಸಾಕಿದ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ದೇಶದ್ದೇ. ಎರಡನೆಯದು ಚಿಲಿ. ಅಲ್ಲಿನ ಕಡಲಲ್ಲಿ ಈ ಮೀನು ಮೊದಲು ಇರಲೇ ಇಲ್ಲ. 2007ರಲ್ಲಿ ವೈರಸ್ ರೋಗ ಬಂದು ಅಲ್ಲಿನ ಸಾಕಣೆ ನೆಲಕಚ್ಚಿತ್ತು, ಆಮೇಲೆ ಚೇತರಿಸಿಕೊಂಡಿತು. ಸ್ಕಾಟ್ಲೆಂಡ್, ಫ್ಯಾರೋ ದ್ವೀಪಗಳು, ಕೆನಡಾ, ಟಾಸ್ಮೇನಿಯಾ, ಐಸ್‌ಲ್ಯಾಂಡ್‌ನಲ್ಲೂ ಇದೆ.

ದೊಡ್ಡ ತಲೆನೋವು ಸಮುದ್ರ ಹೇನು. ಈ ಪುಟ್ಟ ಪರಜೀವಿ ಮೀನಿನ ಮೈಗೆ ಅಂಟಿಕೊಂಡು ಚರ್ಮ ಕೆರೆದು ತಿನ್ನುತ್ತದೆ. ಹೇನನ್ನು ತಿನ್ನಲೆಂದೇ ಪಂಜರಕ್ಕೆ ಬೇರೆ ಜಾತಿಯ ಮೀನು ಬಿಡುತ್ತಾರೆ, ಸಾಲ್ಮನ್ ಅನ್ನು ಬೆಚ್ಚನೆ ನೀರಿನಲ್ಲಿ ತೊಳೆಯುವುದೂ ಉಂಟು. ಪಂಜರದ ಹೇನು ಹೊಳೆಯಿಂದ ಬರುವ ಮರಿಗಳಿಗೂ ಹತ್ತುತ್ತದೆ. ಹಾಗಾಗಿ ಸಾಕಣೆ ಇರುವ ಕಡೆಯ ಜನ ತೆರೆದ ಪಂಜರಗಳನ್ನು ವಿರೋಧಿಸುವುದು ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ. ಬ್ರಿಟಿಷ್ ಕೊಲಂಬಿಯಾದಲ್ಲಿ ತೆರೆದ ಪಂಜರಗಳನ್ನು 2029ರ ಜೂನ್ ಒಳಗೆ ನಿಲ್ಲಿಸುವುದಾಗಿ ಕೆನಡಾ ಸರ್ಕಾರ 2024ರಲ್ಲಿ ಹೇಳಿದೆ.

ಭಾರತದಲ್ಲೇ ಇದಕ್ಕೆ ಹತ್ತಿರದ್ದು ನೋಡಬೇಕಿದ್ದರೆ ಹಿಮಾಚಲದ ಕುಲ್ಲು ಕಡೆ ಹೋಗಿ. ಪತ್ಲಿಕೂಹಲ್‌ನಲ್ಲಿ ನಾರ್ವೆಯ ನೆರವಿನಿಂದ ಬೆಳೆದ ಸರ್ಕಾರಿ ಫಾರ್ಮ್ ಇದೆ, ಅಲ್ಲಿ ಸಾಲ್ಮನ್‌ನ ಹತ್ತಿರದ ಬಂಧು ಟ್ರೌಟ್ ಸಾಕುತ್ತಾರೆ.