64 ಎರರ್ ಇದ್ದರೂ ಸೈಟ್ ಚೆನ್ನಾಗಿ ಕಾಣುವುದು ಯಾಕೆ, ಅದರಲ್ಲಿ ಯಾವುದನ್ನು ಸರಿ ಮಾಡಬೇಕು

ಸರ್, ಸೈಟ್ ಕ್ರೋಮ್‌ನಲ್ಲಿ ಚೆನ್ನಾಗೇ ಕಾಣುತ್ತಿದೆ, ಆದರೆ ವ್ಯಾಲಿಡೇಟರ್‌ಗೆ (ಪುಟದ ಕೋಡ್‌ನಲ್ಲಿ ತಪ್ಪು ಹುಡುಕುವ ಟೂಲ್) ಹಾಕಿದರೆ 64 ಎರರ್ ತೋರಿಸುತ್ತಿದೆ, ಎಲ್ಲ ಸರಿ ಮಾಡುತ್ತ ಕೂರಬೇಕಾ ಅಂತ ಕೇಳಿದ್ದೀರಿ. ಎಲ್ಲ ಬೇಕಿಲ್ಲ. ಆದರೆ ಆ ರಾಶಿಯೊಳಗೆ ನಿಜಕ್ಕೂ ಕಾಟ ಕೊಡುವಂಥವು ಕೆಲವು ಇರುತ್ತವೆ. ಅವನ್ನು ಹೆಕ್ಕಿ ತೆಗೆಯಲೇಬೇಕು.

ತಪ್ಪಿದ್ದರೂ ಸರಿಯಾಗಿ ಕಾಣುವುದು ಹೇಗೆ ಅಂದರೆ, ಬ್ರೌಸರ್‌ಗೆ ತಾಳ್ಮೆ ಜಾಸ್ತಿ. ನೀವು ಟ್ಯಾಗ್ (ಪುಟದ ಒಂದು ಭಾಗ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಹೇಳುವ ಗುರುತು) ಮುಚ್ಚಲು ಮರೆತರೆ ಅದೇ ಮುಚ್ಚಿಕೊಳ್ಳುತ್ತದೆ. ಹಿಂದೆ ಒಂದೊಂದು ಬ್ರೌಸರ್ ಒಂದೊಂದು ಥರ ಊಹೆ ಮಾಡುತ್ತಿತ್ತು. ಒಂದೇ ಪುಟ ಒಂದು ಕಡೆ ಸರಿ, ಇನ್ನೊಂದು ಕಡೆ ಚಿಂದಿ. ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್‌ನ ಹೊಸ ಆವೃತ್ತಿ ಎಚ್‌ಟಿಎಂಎಲ್5 ಬಂದಾಗ, ತಪ್ಪು ಕೋಡ್ ಸಿಕ್ಕರೆ ಅದನ್ನು ಹೇಗೆ ಓದಬೇಕು ಅನ್ನುವುದನ್ನೂ ಸ್ಟ್ಯಾಂಡರ್ಡ್‌ನೊಳಗೇ ಬರೆದಿಟ್ಟರು. ನೀವು ಸ್ಟ್ಯಾಂಡರ್ಡ್ ಪಾಲಿಸದಿದ್ದರೂ ಬ್ರೌಸರ್ ಪಾಲಿಸುತ್ತಿದೆ, ಅದಕ್ಕೇ ನಿಮ್ಮ ಸೈಟ್ ನಿಂತಿದೆ!

ಆದರೆ ಬ್ರೌಸರ್ ಸರಿ ಮಾಡಿಕೊಂಡದ್ದು ನಿಮ್ಮ ಮನಸ್ಸಿನಲ್ಲಿದ್ದದ್ದೇ ಆಗಿರಬೇಕಿಲ್ಲ. ಒಂದು ಪಿ ಟ್ಯಾಗ್ (ಪ್ಯಾರಾಕ್ಕೆ ಹಾಕುವುದು) ಒಳಗೆ ಡಿವ್ (ಬೇರೆ ಭಾಗಗಳನ್ನು ಸೇರಿಸಿಡುವ ಡಬ್ಬಿಯಂಥ ಟ್ಯಾಗ್) ಇಟ್ಟಿದ್ದೀರಿ ಅಂದುಕೊಳ್ಳಿ. ಡಿವ್ ಕಂಡ ಕೂಡಲೇ ಬ್ರೌಸರ್ ಪಿಯನ್ನು ಮುಚ್ಚಿಬಿಡುತ್ತದೆ. ಆಮೇಲೆ ನೀವು ಬರೆದ ಮುಚ್ಚುವ ಪಿ ಸಿಗುತ್ತದಲ್ಲ, ಅದಕ್ಕೆ ಜೋಡಿ ಇಲ್ಲ ಅಂತ ಇನ್ನೊಂದು ಖಾಲಿ ಪಿ ಹುಟ್ಟಿಸುತ್ತದೆ. ಪಿಗೆ ಪ್ಯಾಡಿಂಗ್ (ಅದರೊಳಗೆ ಸುತ್ತ ಬಿಡುವ ಜಾಗ) ಕೊಟ್ಟಿದ್ದರೆ ಪುಟದಲ್ಲಿ ಎಲ್ಲಿಂದಲೋ ಬಂದ ಖಾಲಿ ಜಾಗ. ನೀವು ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್ ತಡಕಾಡುತ್ತಿರುತ್ತೀರಿ, ತಪ್ಪು ಇರುವುದು ಎಚ್‌ಟಿಎಂಎಲ್‌ನಲ್ಲಿ.

ನನಗೆ ಪಾಠ ಕಲಿಸಿದ್ದು ಐಡಿ, ಅಂದರೆ ಪುಟದ ಒಂದು ಭಾಗಕ್ಕೆ ಕೊಡುವ ಹೆಸರು. ಒಂದು ಪುಟದಲ್ಲಿ ಅದು ಒಂದೇ ಸಲ ಬರಬೇಕು. ಒಂದೇ ಪುಟದಲ್ಲಿ ಎರಡು ಫಾರ್ಮ್ ಇದ್ದವು. ಮೊದಲನೆಯದನ್ನು ಕಾಪಿ ಮಾಡಿ ಕೆಳಗೆ ಅಂಟಿಸಿದ್ದೆ. ಎರಡರಲ್ಲೂ ಫೋನ್ ನಂಬರ್ ಬಾಕ್ಸ್‌ನ ಐಡಿ ಒಂದೇ. ಕೆಳಗಿನ ಫಾರ್ಮ್‌ನಲ್ಲಿ ‘ಫೋನ್’ ಅನ್ನುವ ಲೇಬಲ್ ಒತ್ತಿದರೆ ಪುಟ ಮೇಲಕ್ಕೆ ಹಾರಿ ಕರ್ಸರ್ ಮೊದಲ ಫಾರ್ಮ್‌ನಲ್ಲಿ ಕೂರುತ್ತಿತ್ತು. ಇಡೀ ಸಂಜೆ ಜಾವಾಸ್ಕ್ರಿಪ್ಟ್ ಮೇಲೆ ಅನುಮಾನಪಟ್ಟೆ. ಕೊನೆಗೆ ವ್ಯಾಲಿಡೇಟರ್‌ಗೆ ಹಾಕಿದರೆ ಸಾಲಿನ ನಂಬರ್ ಸಮೇತ ಅರ್ಧ ನಿಮಿಷದಲ್ಲಿ ತೋರಿಸಿತು.

ಹಾಗಾಗಿ ಡೂಪ್ಲಿಕೇಟ್ ಐಡಿ, ಮುಚ್ಚದ ಟ್ಯಾಗ್, ಚಿತ್ರಕ್ಕೆ ಆಲ್ಟ್ (ಚಿತ್ರದ ಬದಲಿಗೆ ಓದುವ ವಿವರಣೆ) ಇಲ್ಲದಿರುವುದು, ಇವನ್ನು ಮೊದಲು ನೋಡಿ. ಪುಟದ ತಲೆಯನ್ನೂ ಒಮ್ಮೆ ನೋಡಿ. ಡಾಕ್‌ಟೈಪ್ (ಇದು ಎಚ್‌ಟಿಎಂಎಲ್ ಪುಟ ಅಂತ ಹೇಳುವ ಮೊದಲ ಸಾಲು) ಇಲ್ಲದಿದ್ದರೆ ಬ್ರೌಸರ್ ಹಳೇ ಕಾಲದ ಕ್ವರ್ಕ್ಸ್ ಮೋಡ್‌ಗೆ, ಅಂದರೆ ಹಳೇ ಬ್ರೌಸರ್ ಥರ ತೋರಿಸುವ ರೀತಿಗೆ, ಹೋಗುತ್ತದೆ. ಟೇಬಲ್ ಒಳಗಿನ ಅಕ್ಷರದ ಸೈಜ್ ಮಾತ್ರ ಬೇರೆಯಾಗಿ ಕಂಡರೆ ಇದೇ ಕಾರಣ ಇರಬಹುದು. ಅಕ್ಷರಗಳನ್ನು ಹೇಗೆ ಓದಬೇಕು ಅಂತ ಬ್ರೌಸರ್‌ಗೆ ಹೇಳುವ ಯುಟಿಎಫ್-8 ಅನ್ನುವ ಮೆಟಾ ಸಾಲು ಪುಟದ ಮೊದಲ 1024 ಬೈಟ್ ಒಳಗೇ ಇರಬೇಕು. ಅದಿಲ್ಲದಿದ್ದರೆ ಕನ್ನಡ ಅಕ್ಷರದ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಬರಬಹುದು.

ಸೆಂಟರ್ ಟ್ಯಾಗ್, ಫಾಂಟ್ ಟ್ಯಾಗ್ ಥರದ ಹಳೆಯವು ಇದ್ದರೆ ಬಿಡುವಾದಾಗ ತೆಗೆಯಿರಿ. ಬೇರೆಯವರು ಬರೆದ ಪ್ಲಗಿನ್ ತಂದು ಹಾಕಿದ ಎರರ್ ನಿಮ್ಮ ಕೈಯಲ್ಲಿಲ್ಲ, ಬಿಡಿ. ಎರರ್ ಸೊನ್ನೆ ಆದರೆ ಗೂಗಲ್‌ನಲ್ಲಿ ತಾನಾಗಿ ಮೇಲೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ವಿಷಯ. ವ್ಯಾಲಿಡೇಟರ್ ಒಂದನ್ನೇ ನೆಚ್ಚಿಕೊಂಡು ಕೂರಬೇಡಿ. ಡಿವ್‌ಗೆ ಬಣ್ಣ ಬಳಿದು, ಕ್ಲಿಕ್ ಕೋಡ್ ಸೇರಿಸಿ ಬಟನ್ ಅಂದರೆ ವ್ಯಾಲಿಡೇಟರ್ ಒಂದು ಎರರ್ ಕೂಡ ಕೊಡುವುದಿಲ್ಲ. ಆದರೆ ಕೀಬೋರ್ಡ್‌ನಲ್ಲಿ ಟ್ಯಾಬ್ ಒತ್ತುತ್ತ ಹೋದರೆ ಆ ಬಟನ್ ಸಿಗುವುದೇ ಇಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೂ ಅದು ಬಟನ್ ಅಂತ ಗೊತ್ತಾಗುವುದಿಲ್ಲ. ನಿಜವಾದ ಬಟನ್ ಟ್ಯಾಗ್ ಹಾಕಿದರೆ ಇದೆಲ್ಲ ಪುಕ್ಕಟೆ ಸಿಗುತ್ತದೆ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಅಂತರ (ಕಾಂಟ್ರಾಸ್ಟ್) ಇರಬೇಕು ಅಂತ ಡಬ್ಲ್ಯುಸಿಎಜಿ, ಅಂದರೆ ಎಲ್ಲರೂ ಬಳಸುವಂಥ ಸೈಟ್ ಮಾಡಲು ಇರುವ ಮಾರ್ಗಸೂಚಿ, ಹೇಳುತ್ತದೆ (ದೊಡ್ಡ ಅಕ್ಷರಕ್ಕೆ 3 ಸಾಕು). ತಿಳಿ ಬೂದು ಅಕ್ಷರ ಸ್ಟೈಲಾಗಿ ಕಾಣುತ್ತದೆ ನಿಜ, ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೆ ಓದಲು ಆಗಬೇಕಲ್ವಾ? ಒಂದ್ಸಲ ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್, ಎಂಟರ್ ಒತ್ತಿ ನಿಮ್ಮ ಫಾರ್ಮ್ ತುಂಬಿ ನೋಡಿ.

64 ಅಂತ ಗಾಬರಿಯಾಗಬೇಡಿ. ಒಂದು ಟ್ಯಾಗ್ ಮುಚ್ಚದಿದ್ದರೆ ಅದರ ಹಿಂದೆ ಸಾಲು ಸಾಲು ಎರರ್ ಬರುತ್ತವೆ. ಪಟ್ಟಿಯ ಮೊದಲ ಎರರ್ ಮಾತ್ರ ಸರಿ ಮಾಡಿ ಮತ್ತೆ ಚೆಕ್ ಮಾಡಿ. ಎಷ್ಟಕ್ಕೆ ಇಳಿಯಿತು ಅಂತ ಇಲ್ಲೇ ಹಾಕಿ, ಉಳಿದದ್ದನ್ನು ಒಂದೊಂದಾಗಿ ನೋಡೋಣ.