ಮೊದಲು ಆ ಮಗುವಿನ ಹೆಸರು ಹುಡುಕಿ

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವನು. ಐವತ್ತರ ದಶಕದಲ್ಲಿ ನಮ್ಮೂರಿನ ತೋಟದ ಕೆರೆಯಲ್ಲಿ ಲೈನ್‌ಮನೆಯ (ತೋಟದ ಕೂಲಿಯವರ ಸಾಲುಮನೆ) ಒಂದು ಮಗುವಿನ ಹೆಣ ಸಿಕ್ಕಿತ್ತಂತೆ. ಕಣ್ಣು, ತುಟಿ ಇರಲಿಲ್ಲವಂತೆ. ನಿಧಿಗಾಗಿ ಬಲಿ ಕೊಟ್ಟರು ಅಂತ ಈಗಲೂ ಹೇಳುತ್ತಾರೆ. ಯಾರಿಗೂ ಶಿಕ್ಷೆ ಆಗಲಿಲ್ಲ. ಮೂವರು ಹಿರಿಯರನ್ನು ಮಾತಾಡಿಸಿದ್ದೇನೆ. ಮೂವರೂ ಒಂದೇ ಮನೆಯವರ ಹೆಸರು ಹೇಳುತ್ತಾರೆ. "ಕಾಲಲ್ಲಿ ಒಂದೇ ಗೆಜ್ಜೆ ಇತ್ತು" ಅಂತಲೂ ಮೂವರೂ ಹೇಳಿದರು. ಇದನ್ನು ಬರೆದು ಎಲ್ಲರಿಗೂ ತಿಳಿಸಬಹುದಾ? ಮುಂದೆ ಹೇಗೆ ಹುಡುಕಲಿ?

ಉತ್ತರ: ಸದ್ಯಕ್ಕೆ ಏನೂ ಬರೆಯಬೇಡಿ. ನಿಮ್ಮ ಪತ್ರದಲ್ಲಿ ಆ ಮನೆಯ ಹೆಸರಿದೆ, ತೋಟದ ಗುರುತಿದೆ (ಎರಡನ್ನೂ ಇಲ್ಲಿ ತೆಗೆದಿದ್ದೇವೆ), ಮಗುವಿನ ಹೆಸರು ಮಾತ್ರ ಇಲ್ಲ. ಗಂಡೋ ಹೆಣ್ಣೋ ಅನ್ನುವುದೂ ಇಲ್ಲ. ನನಗೆ ತುಂಬಾ ಬೇಜಾರಾಗಿದ್ದು ಅದಕ್ಕೇ.

ಕಣ್ಣು, ತುಟಿ ಇರಲಿಲ್ಲ ಅನ್ನುವುದನ್ನು ನೋಡೋಣ. ನೀರಲ್ಲಿ ಒಂದೆರಡು ದಿನ ಇದ್ದ ಹೆಣವನ್ನು ಮೀನು, ಏಡಿ ತಿನ್ನುತ್ತವೆ. ಮೊದಲು ಹೋಗುವುದೇ ಮೆತ್ತಗಿನ ಭಾಗಗಳು: ರೆಪ್ಪೆ, ತುಟಿ, ಕಿವಿಯ ಅಂಚು. ಗೊತ್ತಿಲ್ಲದವರಿಗೆ ಅದು ಯಾರೋ ಕುಯ್ದ ಹಾಗೇ ಕಾಣುತ್ತದೆ. ಕಾಲು ಜಾರಿ ಬಿದ್ದ ಮಗುವೂ ಹೀಗೆ ಸಿಕ್ಕಿರಬಹುದು, ಯಾರೋ ಕೊಂದು ಎಸೆದ ಮಗುವೂ ಸಿಕ್ಕಿರಬಹುದು. ಹಾಗಾಗಿ ಇದು ಕೊಲೆಯೇ ಹೌದಾ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ.

ಇನ್ನು ಆ ಗೆಜ್ಜೆ. ಮೂರು ಜನ ತಾವೇ ಕಂಡಿದ್ದನ್ನು ಹೇಳಿದರೆ ಮಾತಿನಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಇರುತ್ತದೆ. ಅದೇ ಮಾತು, ಅದೇ ಪದ ಅಂದರೆ ಮೂವರಿಗೂ ಒಬ್ಬರೇ ಹೇಳಿರಬಹುದು, ಅಲ್ವಾ? ಮತ್ತೆ ಹೋಗಿ, ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ "ನೀವೇ ಕಂಡಿದ್ದಾ, ಯಾರಾದರೂ ಹೇಳಿದ್ದಾ?" ಅಂತ ಕೇಳಿ. ಆ ಮನೆಯ ಹೆಸರು ನಿಮ್ಮ ಬಾಯಿಂದ ಬರಲೇಬಾರದು. ಇಸವಿ ಕೇಳಿದರೆ ಯಾರಿಗೂ ನೆನಪಿರಲ್ಲ. ಹುತ್ತರಿ ಆಗಿತ್ತಾ, ಕಾಫಿ ಕೊಯ್ಲು ನಡೀತಿತ್ತಾ, ಕೊಡಗು ಮೈಸೂರಿಗೆ ಸೇರಿದ ಮೇಲೋ ಮೊದಲೋ ಅಂತ ಕೇಳಿ. ಕೊನೆಯದು ಮುಖ್ಯ, ಯಾಕೆಂದರೆ 1956ರ ನವೆಂಬರ್ 1ಕ್ಕೆ ಮುಂಚೆ ಕೊಡಗು ಬೇರೆಯೇ ರಾಜ್ಯ, ಕಾಗದಗಳನ್ನು ಹುಡುಕುವ ಜಾಗವೂ ಬೇರೆಯಾಗಬಹುದು.

ಅದೇ ಕಾಲದ ಇನ್ನೊಂದು ಪ್ರಕರಣ ಹೇಳುತ್ತೇನೆ. 1957ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಒಬ್ಬ ಪುಟ್ಟ ಹುಡುಗನ ಹೆಣ ಸಿಕ್ಕಿತು. ಶವಪರೀಕ್ಷೆ ಕಚೇರಿಯ ನೌಕರ ರೆಮಿಂಗ್ಟನ್ ಬ್ರಿಸ್ಟೊ 1993ರಲ್ಲಿ ತೀರಿಕೊಳ್ಳುವವರೆಗೂ, ಕೈಯಿಂದ ದುಡ್ಡು ಹಾಕಿ, ಅದರ ಹಿಂದೆಯೇ ಇದ್ದರು. ಕಣಿ ಹೇಳುವ ಒಬ್ಬ ಹೆಂಗಸಿನ ಮಾತಿನಿಂದ ಅವರಿಗೆ ಒಂದು ಮನೆ ಮೇಲೆ ಅನುಮಾನ ಬಂತು, ಅದು ಕೊನೆತನಕ ಬಿಡಲಿಲ್ಲ. ಪೊಲೀಸರಿಗೆ ಆ ಮನೆಯವರ ಕೈವಾಡಕ್ಕೆ ಸಾಕ್ಷಿಯೇ ಸಿಗಲಿಲ್ಲ. ಹುಡುಗನ ಹೆಸರು ಹೊರಬಂದಿದ್ದು 2022ರ ಡಿಸೆಂಬರ್‌ನಲ್ಲಿ, ಡಿಎನ್‌ಎ ಹಿಡಿದು ಸಂಬಂಧಿಕರನ್ನು ಪತ್ತೆ ಮಾಡಿ, ಜನನ ದಾಖಲೆ ತೆಗೆದ ಮೇಲೆ. ಜೋಸೆಫ್ ಆಗಸ್ಟಸ್ ಝರೆಲ್ಲಿ, ನಾಲ್ಕು ವರ್ಷದವನು. ಕೊಂದವರು ಯಾರು ಅನ್ನುವುದು ಅದಾದ ಮೇಲೂ ಗೊತ್ತಾಗಲಿಲ್ಲ. ಆದರೂ ಅವನ ಸಮಾಧಿಯ ಮೇಲೆ ಈಗ ಹೆಸರಿದೆ. ನನಗೆ ಅದು ಸಣ್ಣ ವಿಷಯ ಅನ್ನಿಸಲ್ಲ.

ನಿಮ್ಮ ಕೇಸಿಗೆ ಡಿಎನ್‌ಎ ಎಲ್ಲ ಸದ್ಯಕ್ಕೆ ಬೇಡ. ತೋಟದ ಹಳೇ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಉಳಿದಿದ್ದರೆ ಆ ವರ್ಷ ಲೈನ್‌ನಲ್ಲಿ ಯಾರಿದ್ದರು, ಯಾರು ಇದ್ದಕ್ಕಿದ್ದಂತೆ ಬಿಟ್ಟು ಹೋದರು ಅಂತ ಸಿಗುತ್ತದೆ. ಮರಣದ ರಿಜಿಸ್ಟರ್ ನೋಡಿ. ಎಫ್‌ಐಆರ್, ಶವ ಮಹಜರು, ಮರಣೋತ್ತರ ಪರೀಕ್ಷೆಯ ವರದಿ ಕೇಳಿ ಮಡಿಕೇರಿಯ ಎಸ್‌ಪಿ ಕಚೇರಿಗೆ ಆರ್‌ಟಿಐ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. 20 ವರ್ಷಕ್ಕಿಂತ ಹಳೆಯ ಘಟನೆಯಾದರೆ ಮಾಹಿತಿ ಕೊಡದಿರಲು ಕಾನೂನಿನಲ್ಲಿರುವ ವಿನಾಯಿತಿಗಳಲ್ಲಿ ಬಹುಪಾಲನ್ನು ನೆಪ ಹೇಳಿ ನಿರಾಕರಿಸುವ ಹಾಗಿಲ್ಲ. ಕಡತ ನಾಶವಾಗಿದ್ದರೆ ಅದನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಆ ಮನೆಯವರು ಆ ವರ್ಷ ಅಲ್ಲಿ ವಾಸ ಇದ್ದರಾ ಅನ್ನುವುದನ್ನೂ ಭೂದಾಖಲೆ ಇಟ್ಟುಕೊಂಡು ತಾಳೆ ನೋಡಿ.

ಹೂತ ಜಾಗ ಗೊತ್ತು ಅಂತ ಸುಮ್ನೆ ಅಗೆಯಲು ಹೋಗಬೇಡಿ, ಅದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆ ಮನೆಯ ಹಿರಿಯರು ಸತ್ತಿದ್ದಾರೆ, ಇನ್ನೇನು ಭಯ ಅಂತಲೂ ಅಂದುಕೊಳ್ಳಬೇಡಿ. ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಸತ್ತವರ ಮೇಲೆ ಆರೋಪ ಹೊರಿಸಿದರೂ ಮಾನಹಾನಿ ಕೇಸು ಬೀಳಬಹುದು. ಅವರ ಮೊಮ್ಮಕ್ಕಳು ಅದೇ ಊರಿನ ಶಾಲೆಗೆ ಹೋಗುತ್ತಿರಬಹುದು ಅನ್ನುವುದೂ ನೆನಪಿರಲಿ.

ಕೊಲೆ ಕೇಸಿಗೆ ನಮ್ಮಲ್ಲಿ ಕಾಲಮಿತಿ ಇಲ್ಲ. ಆ ಮೂವರಲ್ಲಿ ಯಾರಾದರೂ "ನಾನೇ ಕಣ್ಣಾರೆ ಕಂಡೆ" ಅಂದರೆ, ಅವರು ಒಪ್ಪಿದರೆ, ಅದನ್ನು ಅವರದೇ ಮಾತಿನಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿಸಿ ಠಾಣೆಗೆ ಕೊಡಿ. ವಯಸ್ಸಾದವರು, ತಡ ಮಾಡಬೇಡಿ.