ಸುಣ್ಣ ಹಾಕಿದರೆ ಫ್ಲೋರೈಡ್ ಇಳಿಯುತ್ತದಾ?

ಪಾವಗಡದ ಪಿಯು ಉಪನ್ಯಾಸಕರೊಬ್ಬರ ಪತ್ರ: "ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಫ್ಲೋರೈಡ್ ಸೇರಿಸಿ ಕ್ಯಾಲ್ಸಿಯಂ ಫ್ಲೋರೈಡ್ ಮಾಡಿದೆವು. ಹಾಲಿನಂತೆ ಬೆಳ್ಳಗಾಯಿತು, ಆದರೆ ಫಿಲ್ಟರ್ ಪೇಪರ್‌ನಲ್ಲಿ ನಿಲ್ಲಲಿಲ್ಲ. ಇದು ನೀರಿನಲ್ಲಿ ಕರಗುವುದಿಲ್ಲವಂತೆ. ಸುಣ್ಣದಲ್ಲೂ ಕ್ಯಾಲ್ಸಿಯಂ ಇದೆಯಲ್ಲ, ಹಾಗಾದರೆ ಬೋರ್‌ವೆಲ್ ನೀರಿಗೆ ಸುಣ್ಣ ಹಾಕಿ ಫ್ಲೋರೈಡ್ ತೆಗೆಯಬಹುದಲ್ವಾ?"

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಪ್ರಯೋಗದಲ್ಲಿ ತಪ್ಪೇನಿಲ್ಲ. ಈ ಲವಣದ ಕಣಗಳು ತೀರಾ ನುಣ್ಣಗೆ ಹುಟ್ಟುತ್ತವೆ, ಕಾಗದದಲ್ಲಿ ನುಸುಳಿ ಹೋಗುತ್ತವೆ. ಎರಡೂ ದ್ರಾವಣ ತೆಳ್ಳಗೆ, ಬಿಸಿಯಾಗಿ ಇರಲಿ. ಒಂದನ್ನು ಕಲಕುತ್ತಾ ಇನ್ನೊಂದನ್ನು ಹನಿಹನಿಯಾಗಿ ಬಿಡಿ. ಸ್ವಲ್ಪ ಹೊತ್ತು ಬಿಸಿನೀರಿನ ಪಾತ್ರೆಯಲ್ಲಿಟ್ಟು, ರಾತ್ರಿಯಿಡೀ ಅಲುಗಿಸದೆ ಬಿಡಿ. ಕಣಗಳು ದಪ್ಪಗಾಗಿ ತಳಕ್ಕೆ ಕೂರುತ್ತವೆ. ಸೋಡಿಯಂ ಫ್ಲೋರೈಡ್ ವಿಷ, ಮಕ್ಕಳು ಪಿಪೆಟ್ಟಿಗೆ ಬಾಯಿ ಹಾಕಬಾರದು. ಆ್ಯಸಿಡ್ ಅಂತೂ ಹತ್ತಿರ ಬರಲೇಬಾರದು. ಹೈಡ್ರೊಫ್ಲೋರಿಕ್ ಆಮ್ಲ ಹುಟ್ಟಿದರೆ ಅದು ಚರ್ಮದೊಳಗೆ ಇಳಿದು ಮೂಳೆಯವರೆಗೂ ಹೋಗುತ್ತದೆ.

ಒಂದು ಮಾತು ವಿದ್ಯಾರ್ಥಿಗಳಿಗೆ ಹೇಳಿ. ಇದೇ ಬಿಳಿ ಗಸಿಯ ಪದಾರ್ಥ ದೊಡ್ಡ ಹರಳಾದರೆ ನೀರಿನಷ್ಟು ತಿಳಿ. ಸುಮಾರು 1,418 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಯಲಲ್ಲಿ ಕಾಯಿಸಿದರೆ ಗಾಳಿಯ ತೇವದಿಂದ ಮಬ್ಬಾಗುತ್ತದೆ, ಹಾಗಾಗಿ ನಿರ್ವಾತದಲ್ಲಿ ಕರಗಿಸಿ ನಿಧಾನವಾಗಿ ತಣಿಸುತ್ತಾರೆ. 1969ರಲ್ಲಿ ಕ್ಯಾನನ್ ಕಂಪನಿ ಕ್ಯಾಮೆರಾ ಲೆನ್ಸಿಗೆ ಇಂಥ ಹರಳನ್ನೇ ಬಳಸಿತು.

ಈಗ ನಿಮ್ಮ ನೀರಿಗೆ ಬರೋಣ. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಕರಗುತ್ತದೆ, ಕಡಿಮೆ ಅಷ್ಟೇ: ಲೀಟರಿಗೆ ಸುಮಾರು 16 ಮಿಲಿಗ್ರಾಂ. ಅದರಲ್ಲಿ ಫ್ಲೋರೈಡ್ ಭಾಗವೇ ಸುಮಾರು 8 ಮಿಲಿಗ್ರಾಂ! ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ನಿಮ್ಮ ಬೋರ್‌ವೆಲ್‌ನಲ್ಲಿ 3 ಇದೆ ಅಂದುಕೊಳ್ಳಿ. ನೀರಿನಲ್ಲಿ ಕರಗಿ ಉಳಿಯಬಲ್ಲ ಆ 8ಕ್ಕಿಂತ ಇದು ಕಡಿಮೆ, ಹಾಗಾಗಿ ಚಿಟಿಕೆ ಸುಣ್ಣಕ್ಕೆ ಅದು ಜಗ್ಗುವುದಿಲ್ಲ. ಸುಣ್ಣ ಜಾಸ್ತಿ ಮಾಡಿದರೆ ಕೊಂಚ ಇಳಿಯಬಹುದು, ಆದರೆ ನೀರು ಬಾಯಿಗೆ ಇಡಲಾಗದಷ್ಟು ಕ್ಷಾರವಾಗುತ್ತದೆ. ಕಾರ್ಖಾನೆಗಳ ಕೊಳೆನೀರಿಗೆ ಸುಣ್ಣ ಸರಿ, ಅಲ್ಲಿ ಫ್ಲೋರೈಡ್ ನೂರಾರು ಮಿಲಿಗ್ರಾಂ ಇರುತ್ತದೆ.

ಕುಡಿಯುವ ನೀರಿನ ಫ್ಲೋರೈಡ್ ತೆಗೆಯಲು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲಗೊಂಡ ವಿಧಾನದಲ್ಲೂ ಸುಣ್ಣವಿದೆ, ಆದರೆ ಮುಖ್ಯ ಕೆಲಸ ಪಟಿಕದ್ದು. ಪಟಿಕದ ಅಲ್ಯೂಮಿನಿಯಂ ಹತ್ತಿಯಂತೆ ಕೂಡಿಕೊಂಡು ಫ್ಲೋರೈಡನ್ನು ಹಿಡಿದು ತಳಕ್ಕೆ ಒಯ್ಯುತ್ತದೆ. ಇದನ್ನೂ ಅಂದಾಜಿಗೆ ಮಾಡಬೇಡಿ. ನೀರಿನ ಫ್ಲೋರೈಡ್ ಮತ್ತು ಕ್ಷಾರೀಯತೆ ನೋಡಿಯೇ ಪಟಿಕದ ಪ್ರಮಾಣ ಗೊತ್ತುಮಾಡಬೇಕು. ಆಮೇಲೆ ನೀರನ್ನು ಮತ್ತೆ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಇದನ್ನು ಮಕ್ಕಳ ಮೂಲಕ ಮನೆಮನೆಗೂ ದಯವಿಟ್ಟು ಮುಟ್ಟಿಸಿ.